ಕಡಲಿಲ್ಲದ ನಾಡಿನವರು ಕಡಲಾಚೆಯದನ್ನು ಬರೆದ ಬಗೆ: ಹಳೆಯ ಚೆಕ್ ಪ್ರವಾಸ ಬರಹದ ಭಾಷೆ

1608ರಲ್ಲಿ ಪ್ರಾಗ್‌ನಲ್ಲಿ ಒಂದು ದಪ್ಪ ಪುಸ್ತಕ ಅಚ್ಚಾಯಿತು. ಅದರ ಹೆಸರೇ ಒಂದು ಪುಟ್ಟ ಪ್ರವಾಸ. ಕನ್ನಡದಲ್ಲಿ ಹೇಳಿದರೆ ಸುಮಾರಾಗಿ ಹೀಗೆ: 'ಯಾತ್ರೆ ಅಥವಾ ಪ್ರಯಾಣ, ಚೆಕ್ ರಾಜ್ಯದಿಂದ ವೆನಿಸ್ ನಗರಕ್ಕೆ, ಅಲ್ಲಿಂದ ಸಮುದ್ರದ ಮೇಲೆ ಪವಿತ್ರ ನಾಡಿಗೆ, ಯೆಹೂದ ನಾಡಿಗೆ, ಮತ್ತೂ ಮುಂದೆ ಈಜಿಪ್ಟಿಗೆ, ಕೈರೋ ಮಹಾನಗರಕ್ಕೆ, ಆಮೇಲೆ ಬರಡು ಅರೇಬಿಯಾದ ಹೋರೆಬ್, ಸಿನಾಯ್ ಮತ್ತು ಸಂತ ಕ್ಯಾಥರೀನಳ ಬೆಟ್ಟಕ್ಕೆ'. ಬರೆದವನು ಕ್ರಿಶ್ಟೋಫ್ ಹರಂತ್. 1564ರಲ್ಲಿ ಹುಟ್ಟಿದ ಸಿರಿವಂತ ಮನೆತನದವನು, ತುರ್ಕರ ವಿರುದ್ಧದ ಯುದ್ಧದಲ್ಲಿ ಸೈನಿಕ, ಒಳ್ಳೆಯ ಸಂಗೀತ ರಚನಕಾರ. 1598ರಲ್ಲಿ ತನ್ನ ಭಾವಮೈದುನ ಹೆರ್ಮಾನ್ ಚೆರ್ನೀನ್ ಜೊತೆ ಜೆರುಸಲೇಮ್ ಮತ್ತು ಈಜಿಪ್ಟ್ ಸುತ್ತಿ ಬಂದವನು.

ಈ ಹೆಸರನ್ನು ಎರಡನೇ ಸಲ ಓದಿದರೆ ಹಳೆಯ ಚೆಕ್ ಪ್ರವಾಸ ಬರಹದ ಅರ್ಧ ವ್ಯಾಕರಣ ಅಲ್ಲೇ ಸಿಗುತ್ತದೆ. 'ಒತ್ತುದ್' ಎಂದರೆ ಅಲ್ಲಿಂದ. 'ಪೊತೊಮ್' ಎಂದರೆ ಆಮೇಲೆ. 'ಆ ದಾಲೆ' ಎಂದರೆ ಮತ್ತೂ ಮುಂದೆ. ಹದಿನೈದು, ಹದಿನಾರನೇ ಶತಮಾನದ ಚೆಕ್ ಪ್ರವಾಸಿಗರ ಬರಹ ನಿಂತಿರುವುದೇ ಈ ಮೂರು ಗೂಟಗಳ ಮೇಲೆ. ಊರು, ದೂರ, ಅಲ್ಲಿಂದ. ಊರು, ದೂರ, ಆಮೇಲೆ. ಮೊದಲ ಸಲ ಓದುವವರಿಗೆ ಇದು ಲೆಕ್ಕದ ಪಟ್ಟಿಯಂತೆ ಬೇಸರ ತರಿಸೀತು. ಆದರೆ ಆ ಗೂಟಗಳ ನಡುವೆ ಏನೇನು ಕಟ್ಟಿದ್ದಾರೆ ಎಂದು ನೋಡುತ್ತ ಹೋದರೆ, ಸಮುದ್ರವನ್ನೇ ಕಾಣದ ನಾಡಿನ ಭಾಷೆಯೊಂದು ಹೊರಗಿನ ಲೋಕಕ್ಕೆ ಮಾತು ಹುಡುಕಿಕೊಂಡ ಬಗೆ ತಿಳಿಯುತ್ತದೆ. ಊರಿನಲ್ಲಿ ಕೂತು ಓದುವವನು ಯಾರು ಎಂಬುದೇ ಆ ಭಾಷೆಯನ್ನು ರೂಪಿಸಿತು ಎಂಬುದು ನನ್ನ ತಿಳಿವಳಿಕೆ. ಹೋದ ದಾರಿ ಬಹುಮಟ್ಟಿಗೆ ಒಂದೇ ಆಗಿದ್ದರೂ ಬರಹಗಳು ಒಂದರಂತೆ ಒಂದಿಲ್ಲದಿರುವುದು ಅದಕ್ಕೇ.

ಅವರು ಚೆಕ್ ಭಾಷೆಯಲ್ಲಿ ಬರೆದದ್ದೇ ಒಂದು ತೀರ್ಮಾನ. ಆ ಕಾಲದ ಮಧ್ಯ ಯುರೋಪಿನಲ್ಲಿ ಓದಿದವರ ಭಾಷೆ ಲ್ಯಾಟಿನ್. ಪಕ್ಕದ ಮನೆಯ ದೊಡ್ಡ ಭಾಷೆ ಜರ್ಮನ್. ಲೊಬ್ಕೊವಿತ್ಸ್ ಮನೆತನದ ಇಬ್ಬರು ಸೋದರರನ್ನು ನೋಡಿ. ಅಣ್ಣ ಯಾನ್, ತಮ್ಮ ಬೊಹುಸ್ಲಾವ್. ಬೊಹುಸ್ಲಾವ್ ಆ ಕಾಲದ ಹೆಸರಾಂತ ಲ್ಯಾಟಿನ್ ಕವಿ. 1490–91ರಲ್ಲಿ ಗ್ರೀಸ್, ಪ್ಯಾಲೆಸ್ಟೈನ್, ಈಜಿಪ್ಟ್ ಎಲ್ಲ ತಿರುಗಿ ಬಂದ. ಲ್ಯಾಟಿನ್ ಪತ್ರಗಳನ್ನೂ ಪದ್ಯಗಳನ್ನೂ ಬರೆದ, ಪ್ರವಾಸ ಪುಸ್ತಕ ಮಾತ್ರ ಬರೆಯಲಿಲ್ಲ. ಯಾನ್ 1493ರಲ್ಲಿ ಜೆರುಸಲೇಮಿಗೆ ಹೋಗಿಬಂದು, 1505ರ ಸುಮಾರಿಗೆ ತನ್ನ ಯಾತ್ರೆಯನ್ನು ಚೆಕ್ ಭಾಷೆಯಲ್ಲಿ ಬರೆದಿಟ್ಟ. ಅದಕ್ಕೂ ಸ್ವಲ್ಪ ಮೊದಲು, 1504ರಲ್ಲಿ, ತನ್ನ ಮಗನಿಗೆ ಬುದ್ಧಿಮಾತುಗಳ ಒಂದು ಬರಹವನ್ನೂ ಚೆಕ್‌ನಲ್ಲೇ ಬರೆದಿದ್ದ. ಮಗನಿಗೆ ಮಾತಾಡುವ ಭಾಷೆಯಲ್ಲೇ ಪ್ರವಾಸವನ್ನೂ ಹೇಳಿದ ಎನ್ನಬಹುದು. 1495ರಲ್ಲಿ ವಿಕ್ಟೋರಿನ್ ಕೊರ್ನೆಲ್ ವ್ಶೆಹರ್ದ್ ಎಂಬ ಕಾನೂನು ಪಂಡಿತ ಅನುವಾದವೊಂದರ ಮುನ್ನುಡಿಯಲ್ಲಿ, ಲ್ಯಾಟಿನ್‌ನಲ್ಲಿ ಬರೆಯಲು ತನಗೂ ಬರುತ್ತದೆ, ಆದರೆ ತಾನು ಚೆಕ್, ಹಾಗಾಗಿ ಲ್ಯಾಟಿನ್ ಕಲಿತೂ ಚೆಕ್‌ನಲ್ಲೇ ಬರೆಯುತ್ತೇನೆ ಎಂಬರ್ಥದ ಮಾತು ಬರೆದ. ಇದನ್ನು ಚೆಕ್ ಸಾಹಿತ್ಯ ಚರಿತ್ರೆಗಳು ಇವತ್ತಿಗೂ ನೆನೆಯುತ್ತವೆ. ಪ್ರವಾಸ ಬರಹ ಬೆಳೆದದ್ದು ಆ ಗಾಳಿಯಲ್ಲೇ.

ಸ್ವಂತ ಕಾಲಿನಲ್ಲಿ ನಡೆದು ಬರೆಯುವ ಮೊದಲು ಚೆಕ್ ಭಾಷೆ ಬೇರೆಯವರ ಕಾಲಿನಲ್ಲಿ ನಡೆಯಿತು. ದೂರದ ಏಷ್ಯಾ ಪ್ರಾಗ್‌ಗೆ ಮೊದಲು ಬಂದದ್ದು ಲ್ಯಾಟಿನ್‌ನಲ್ಲಿ. ಪೋಪ್‌ನ ದೂತನಾಗಿ ಚೀನಾಕ್ಕೆ ಹೋಗಿ, ವಾಪಸಾಗುವಾಗ ಕೊಲ್ಲಂನಲ್ಲಿ ತಂಗಿದ್ದ ಜೊವಾನ್ನಿ ಮರಿಗ್ನೊಲ್ಲಿಯನ್ನು ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಪ್ರಾಗ್‌ಗೆ ಕರೆಸಿ ಬೊಹೀಮಿಯಾದ, ಅಂದರೆ ಚೆಕ್ ರಾಜ್ಯದ, ಚರಿತ್ರೆ ಬರೆಯಲು ಹಚ್ಚಿದ. ಅವನೋ, ರಾಜವಂಶಗಳ ಕಥೆಯ ನಡುನಡುವೆ ತನ್ನ ಏಷ್ಯಾದ ನೆನಪುಗಳನ್ನು ತೂರಿಸಿದ. ಕರಿಮೆಣಸು ಬಳ್ಳಿಯಲ್ಲಿ ಬೆಳೆಯುತ್ತದೆ, ದ್ರಾಕ್ಷಿಯ ಹಾಗೆ ನೆಟ್ಟು ಬೆಳೆಸುತ್ತಾರೆ, ಬೆಂಕಿಯಲ್ಲಿ ಸುಟ್ಟು ಕಪ್ಪಾಗಿಸುತ್ತಾರೆ ಎಂಬುದು ಸುಳ್ಳು, ನಾನೇ ಕಣ್ಣಾರೆ ಕಂಡಿದ್ದೇನೆ ಎಂದು ಅವನು ಬೊಹೀಮಿಯಾದ ಚರಿತ್ರೆಯೊಳಗೆ ಬರೆದಿದ್ದಾನೆ. ಚೆಕ್‌ನಲ್ಲಿ ಕರಿಮೆಣಸಿಗೆ 'ಪೆಪ್ರ್' ಎನ್ನುತ್ತಾರೆ. ಅದು ಲ್ಯಾಟಿನ್‌ನ 'ಪಿಪೆರ್'ನಿಂದ, ಅದು ಗ್ರೀಕ್ ದಾಟಿ ನಮ್ಮ ಕಡೆಯ 'ಪಿಪ್ಪಲಿ'ಯಿಂದ ಹೋದದ್ದು. ಅದೇ ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿ. ಪ್ರವಾಸಿಗ ಹೊರಡುವ ಎಷ್ಟೋ ಮೊದಲೇ ಪದ ಅಲ್ಲಿಗೆ ಮುಟ್ಟಿತ್ತು.

ಆಮೇಲೆ ಚೆಕ್ ಅನುವಾದಗಳು ಬಂದವು. 1400ರ ಆಸುಪಾಸಿನಲ್ಲಿ ಬ್ರೆಜೊವಾದ ವಾವ್ರಿನೆತ್ಸ್, ನಾಲ್ಕನೇ ವೆಂಸೆಸ್ಲಾಸ್ ರಾಜನ ಇಷ್ಟದಂತೆ, ಮ್ಯಾಂಡೆವಿಲ್ ಹೆಸರಿನಲ್ಲಿ ಯುರೋಪೆಲ್ಲ ಓಡಾಡುತ್ತಿದ್ದ ಪ್ರವಾಸ ಕಥೆಯನ್ನು ಜರ್ಮನ್ ಪಾಠದಿಂದ ಚೆಕ್‌ಗೆ ತಂದ. ಮಾರ್ಕೋ ಪೋಲೋನ ಪುಸ್ತಕವೂ ಲ್ಯಾಟಿನ್ ಮೂಲಕ ಹದಿನೈದನೇ ಶತಮಾನದಲ್ಲಿ ಚೆಕ್ ಆಯಿತು. ಮ್ಯಾಂಡೆವಿಲ್‌ನ ಕಥೆಯಲ್ಲಿ ಕಲ್ಪನೆಯೇ ಹೆಚ್ಚು. ಆದರೆ ಭಾಷೆಯ ದೃಷ್ಟಿಯಿಂದ ಈ ಅನುವಾದಗಳು ಮಾಡಿದ ಉಪಕಾರ ದೊಡ್ಡದು. ವಿಚಿತ್ರ ಪ್ರಾಣಿ, ದೂರದ ದ್ವೀಪ, ಗೊತ್ತಿಲ್ಲದ ಆಚಾರ ಇವನ್ನೆಲ್ಲ ಚೆಕ್ ವಾಕ್ಯದಲ್ಲಿ ಹಿಡಿದಿಡಲು ಬರುತ್ತದೆ ಎಂಬ ಧೈರ್ಯ ಅವುಗಳಿಂದ ಬಂತು. ಪ್ಲ್ಜೆನ್ ಊರಿನ ಮುದ್ರಕ ಮಿಕುಲಾಶ್ ಬಕಲಾರ್ ಇಂಥ ಪುಸ್ತಕಗಳಿಗೆ ಮಾರುಕಟ್ಟೆ ಇದೆ ಎಂದು ಬೇಗ ಕಂಡುಕೊಂಡ. 1498ರಲ್ಲಿ ಪವಿತ್ರ ನಾಡಿನ ಬಗ್ಗೆ ಒಂದು ಪುಸ್ತಿಕೆ, 1510ರಲ್ಲಿ ಮ್ಯಾಂಡೆವಿಲ್. ನಡುವೆ, ಸುಮಾರು 1506ರಲ್ಲಿ, ವೆಸ್ಪುಚ್ಚಿಯ ಪತ್ರವನ್ನು ಆಧರಿಸಿದ ಚಿಕ್ಕ ಪುಸ್ತಕ: 'ಹೊಸ ನಾಡುಗಳ ಹಾಗೂ ಹೊಸ ಲೋಕದ ಬರಹ; ಅದರ ಬಗ್ಗೆ ನಮಗೆ ಮೊದಲು ಏನೂ ತಿಳಿದಿರಲಿಲ್ಲ, ಎಂದೂ ಏನೂ ಕೇಳಿರಲಿಲ್ಲ'. ಅಮೆರಿಕದ ಸುದ್ದಿ ಚೆಕ್ ಓದುಗನಿಗೆ ಅವನದೇ ನುಡಿಯಲ್ಲಿ ಸಿಕ್ಕಿದ್ದು ಹೀಗೆ, ಕೊಲಂಬಸ್ ಹೊರಟ ಹದಿನೈದು ವರ್ಷದೊಳಗೆ.

ಸ್ವಂತ ಪ್ರವಾಸಗಳಲ್ಲಿ ಬಹಳ ಹೆಸರಾದದ್ದು ರೊಜ್ಮಿತಾಲ್‌ನ ಲೆವ್ ಎಂಬ ಗಣ್ಯನ ತಂಡದ್ದು. ಇವನು ಪೊದ್ಯೆಬ್ರಾದಿನ ಯಿರ್ಜಿ ದೊರೆಯ ಹೆಂಡತಿಯ ಅಣ್ಣ. 1465ರಿಂದ 1467ರವರೆಗೆ ಜರ್ಮನಿ, ಬರ್ಗಂಡಿ, ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್, ಪೋರ್ಚುಗಲ್, ಇಟಲಿ ಎಲ್ಲ ಸುತ್ತಿದ ಈ ತಂಡದಲ್ಲಿ ಬರೆಯುವವರು ಇಬ್ಬರಿದ್ದರು. ಬಿರ್ಕೊವಿನ ವಾತ್ಸ್ಲಾವ್ ಶಾಶೆಕ್ ಚೆಕ್‌ನಲ್ಲಿ. ನ್ಯೂರೆಂಬರ್ಗಿನ ಗಾಬ್ರಿಯೆಲ್ ಟೆಟ್ಸೆಲ್ ಜರ್ಮನ್‌ನಲ್ಲಿ. ಟೆಟ್ಸೆಲ್ ದರ್ಬಾರಿನ ಮನುಷ್ಯ: ಇಂಗ್ಲೆಂಡಿನ ರಾಣಿ ಒಬ್ಬಳೇ ಊಟಕ್ಕೆ ಕೂತಿದ್ದು, ಸುತ್ತ ನಿಂತವರು ತುಟಿ ಪಿಟಕ್ಕೆನ್ನದೆ ಮಂಡಿಯೂರಿದ್ದು ಇಂಥದ್ದರಲ್ಲಿ ಅವನ ಕಣ್ಣು. ಶಾಶೆಕ್ ದಾರಿಯ ಮನುಷ್ಯ: ಊರಿಂದ ಊರಿಗೆ ಎಷ್ಟು ದೂರ, ಕೋಟೆ ಹೇಗಿದೆ, ಹೊಳೆ ಯಾವುದು, ಇಗರ್ಜಿಯಲ್ಲಿ ಯಾವ ಸಂತನ ಅವಶೇಷ. ಸ್ಪೇನಿನ ಪಶ್ಚಿಮ ತುದಿಯಲ್ಲಿ, ಭೂಮಿ ಮುಗಿಯುವ ಜಾಗ ಎಂದೇ ಕರೆಸಿಕೊಂಡ ಫಿನಿಸ್ತೆರ್ರೆಯಲ್ಲಿ ನಿಂತು, ಇದರಾಚೆ ನೀರಲ್ಲದೆ ಬೇರೇನೂ ಇಲ್ಲ, ಅದರ ಕೊನೆ ದೇವರಿಗೊಬ್ಬನಿಗೇ ಗೊತ್ತು ಎಂಬರ್ಥದ ಮಾತು ಬರೆದ. ಕೊಲಂಬಸ್‌ಗೆ ಇನ್ನೂ ಕಾಲು ಶತಮಾನ ಬಾಕಿ ಇತ್ತು.

ನೋವಿನ ಸಂಗತಿ ಎಂದರೆ ಶಾಶೆಕ್‌ನ ಚೆಕ್ ಮೂಲ ಕಳೆದುಹೋಗಿದೆ. 1577ರಲ್ಲಿ ಓಲೊಮೊಉತ್ಸ್‌ನಲ್ಲಿ ಸ್ಟಾನಿಸ್ಲಾವ್ ಪಾವ್ಲೊವ್ಸ್ಕಿ ಪ್ರಕಟಿಸಿದ ಲ್ಯಾಟಿನ್ ಅನುವಾದವೊಂದೇ ಉಳಿದಿರುವುದು. ಇಪ್ಪತ್ತನೇ ಶತಮಾನದಲ್ಲಿ ಆ ಲ್ಯಾಟಿನ್‌ನಿಂದ ಮತ್ತೆ ಚೆಕ್‌ಗೆ ತಂದು ಓದಬೇಕಾಯಿತು. ದೂರಗಳು, ಊರುಗಳು, ಘಟನೆಗಳು ಎಲ್ಲ ಇವೆ. ಶಾಶೆಕ್ ಆಡಿದ ಮಾತು ಇಲ್ಲ. ಹದಿನೈದನೇ ಶತಮಾನದ ಒಬ್ಬ ಚೆಕ್ ಸವಾರ ಅಲೆಯನ್ನು, ಹಡಗನ್ನು, ಭರತ ಇಳಿತವನ್ನು ಯಾವ ಪದಗಳಿಂದ ಹೇಳಿದ ಎಂಬುದು ನಮಗೆ ಇನ್ನು ಸಿಗುವುದಿಲ್ಲ. ಭಾಷೆಯನ್ನು ಪ್ರೀತಿಸುವವರಿಗೆ ಇದು ಸಣ್ಣ ನಷ್ಟವಲ್ಲ.

ಹಾಗಾಗಿ ನನ್ನ ಮಟ್ಟಿಗೆ ಹಳೆಯ ಚೆಕ್ ಪ್ರವಾಸ ನುಡಿಯ ನಿಜವಾದ ಆರಂಭ ಮಾರ್ಟಿನ್ ಕಬಾತ್‌ನೀಕ್. ಹೆಸರಿನ ಅರ್ಥವೇ ಅಂಗಿ ಹೊಲಿಯುವವನು. ಪೂರ್ವ ಬೊಹೀಮಿಯಾದ ಲಿತೋಮಿಶ್ಲ್ ಊರಿನವನು, ಪಂಡಿತನಲ್ಲ. ಧರ್ಮಸುಧಾರಕ ಯಾನ್ ಹುಸ್‌ನ ನಂತರ ಹುಟ್ಟಿದ 'ಸೋದರಕೂಟ' ಎಂಬ ಚಿಕ್ಕ ಧಾರ್ಮಿಕ ಪಂಥಕ್ಕೆ ಸೇರಿದವನು. ಆ ಕೂಟದವರಿಗೆ ಒಂದು ಹಂಬಲ: ಅಪೊಸ್ತಲರ ಕಾಲದ ಶುದ್ಧ ಕ್ರೈಸ್ತ ಸಮುದಾಯ ಪ್ರಪಂಚದ ಎಲ್ಲಾದರೂ ಉಳಿದಿದೆಯೇ ಎಂದು ತಿಳಿಯಬೇಕು. 1491ರಲ್ಲಿ ಹುಡುಕಿಕೊಂಡು ಬರಲು ನಾಲ್ವರನ್ನು ಕಳಿಸಿದರು. ಒಬ್ಬ ಗ್ರೀಕರ ನಾಡಿಗೆ, ಒಬ್ಬ ರಷ್ಯಾದ ಕಡೆಗೆ. ಕಬಾತ್‌ನೀಕ್ ಪೋಲೆಂಡ್ ದಾಟಿ, ಮೊಲ್ದಾವಿಯಾ ದಾಟಿ, ಕಾನ್‌ಸ್ಟಾಂಟಿನೋಪಲ್ ಮೂಲಕ ನೆಲದ ದಾರಿಯಲ್ಲೇ ಜೆರುಸಲೇಮ್, ಅಲ್ಲಿಂದ ಆಗ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಕೈರೋ. ಹುಡುಕಿದ್ದು ಸಿಗಲಿಲ್ಲ. 1492ರಲ್ಲಿ ವಾಪಸಾದ.

ಅವನು ಹೇಳಿದ, ಅದೇ ಊರಿನ ಆದಮ್ ಎಂಬ ಓದಿದವನು ಬರೆದುಕೊಂಡ. ಈ ಒಂದು ಸಂಗತಿ ಆ ಪುಸ್ತಕದ ಭಾಷೆಯನ್ನೆಲ್ಲ ವಿವರಿಸುತ್ತದೆ. ಬಾಯಿಂದ ಬಂದ ವಾಕ್ಯಗಳು ಅವು. ಒಂದರ ಬಾಲಕ್ಕೆ ಇನ್ನೊಂದನ್ನು 'ಮತ್ತೆ', 'ಅಲ್ಲಿ', 'ಆಗ' ಎಂದು ಗಂಟು ಹಾಕಿಕೊಂಡು ಹೋಗುತ್ತವೆ. ಲ್ಯಾಟಿನ್ ಉದ್ಧರಣೆಗಳ ಭಾರವಿಲ್ಲ, ಗ್ರೀಕ್ ವೀರರ ಹೋಲಿಕೆಯಿಲ್ಲ. ಊರಿನ ಗೋಡೆ ಹೇಗಿದೆ, ನೀರು ಎಲ್ಲಿಂದ ಬರುತ್ತದೆ, ಜನ ಏನು ತಿನ್ನುತ್ತಾರೆ, ಹೇಗೆ ವ್ಯಾಪಾರ ಮಾಡುತ್ತಾರೆ ಎಂದು ಕಸುಬುದಾರನ ಕಣ್ಣಿನಿಂದ ನೋಡಿ ಹೇಳುತ್ತಾನೆ. ಕೇಳುತ್ತಿದ್ದವರು ಅವನದೇ ಪಂಥದ ಸೋದರರು. ಅವರಿಗೆ ಬೇಕಾದದ್ದು ನಿಜ, ಅಲಂಕಾರ ಅಲ್ಲ. ಸಾಕ್ಷಿ ಹೇಳುವವನ ನುಡಿ ಅದು. ಕಬಾತ್‌ನೀಕ್ 1503ರಲ್ಲಿ ತೀರಿಕೊಂಡ. ಪುಸ್ತಕ 1539ರಲ್ಲಿ ಅಚ್ಚಾಗಿ, ಆಮೇಲೆ ಮತ್ತೆ ಮತ್ತೆ ಅಚ್ಚಾಯಿತು. ಪಂಡಿತರ ಎಷ್ಟೋ ಗ್ರಂಥಗಳಿಗೆ ಸಿಗದ ಓದುಗರು ಅಂಗಿ ಹೊಲಿಯುವವನ ಹೆಸರು ಹೊತ್ತವನಿಗೆ ಸಿಕ್ಕರು.

ಯಾತ್ರಿಕರಲ್ಲಿ ಹೆಚ್ಚಿನವರು ಹೋದದ್ದು ವೆನಿಸ್ ಮೂಲಕ, ಹಡಗಿನಲ್ಲಿ. ಇಲ್ಲಿ ಚೆಕ್ ಭಾಷೆಗೆ ನಿಜವಾದ ಪೇಚು ಎದುರಾಯಿತು. ಬೊಹೀಮಿಯಾಕ್ಕೆ ಕಡಲಿಲ್ಲ, ಹೊಳೆಯ ದೋಣಿ, ತೆಪ್ಪಗಳಿಗೆ ಪದಗಳಿವೆ, ಸಮುದ್ರದ ಹಡಗಿನ ಒಳಗಿನ ನೂರು ಸಂಗತಿಗಳಿಗೆ ಇಲ್ಲ. ಅವರು ಎರಡು ಕೆಲಸ ಮಾಡಿದರು. ಒಂದು, ಹಡಗಿನವರ ಪದಗಳನ್ನೇ ಎತ್ತಿಕೊಂಡು ಚೆಕ್ ವಿಭಕ್ತಿ ಹಚ್ಚಿದರು: ಹುಟ್ಟು ಹಾಕುವ ಯುದ್ಧನೌಕೆ 'ಗಲೆ', ಹಡಗಿನ ಯಜಮಾನ 'ಪತ್ರೊನ್', ನಾವಿಕ 'ಮರಿನಾರ್', ಬಂದರು 'ಪೊರ್ತ್'. ಎರಡು, ಗೊತ್ತಿಲ್ಲದ್ದನ್ನು ಗೊತ್ತಿದ್ದರ ಪಕ್ಕ ನಿಲ್ಲಿಸಿ ಅಳೆದರು.

ಅಳತೆಯಲ್ಲಿ ಎಲ್ಲರಿಗಿಂತ ಗಟ್ಟಿಗ ವ್ಲ್ಕಾನೊವ್‌ನ ಒಲ್ದ್ರಿಖ್ ಪ್ರೆಫಾತ್. 1523ರಲ್ಲಿ ಹುಟ್ಟಿದ ಪ್ರಾಗ್‌ನವನು, ಗಣಿತ ಮತ್ತು ಖಗೋಳ ಬಲ್ಲವನು, ಉಪಕರಣಗಳನ್ನು ಮಾಡುವವನು. 1546ರಲ್ಲಿ ಪ್ಯಾಲೆಸ್ಟೈನಿಗೆ ಹೋದ. ಪುಸ್ತಕ 1563ರಲ್ಲಿ ಬಂತು. ಹೆಜ್ಜೆಯಲ್ಲಿ ಎಣಿಸುವುದು, ಮೊಳದಲ್ಲಿ ಅಳೆಯುವುದು, ಊರಿನವರಿಗೆ ಗೊತ್ತಿರುವ ಜಾಗಗಳ ಜೊತೆ ಹೋಲಿಸುವುದು ಅವನ ಸ್ವಭಾವ. ಪ್ರಾಗ್‌ನ ಓದುಗ ಮನೆಯಿಂದ ಹೊರಬಿದ್ದು ನಾಲ್ಕು ಬೀದಿ ನಡೆದರೆ ಜೆರುಸಲೇಮಿನ ದೂರ ಕಾಲಿಗೇ ತಿಳಿಯಬೇಕು. ಚೆಕ್ ಮೊಳಕ್ಕೆ 'ಲೊಕೆತ್' ಎನ್ನುತ್ತಾರೆ, ಮೊಣಕೈ ಎಂದೇ ಅರ್ಥ. ಪ್ರಾಗ್‌ನ ಲೊಕೆತ್ ಸುಮಾರು 59 ಸೆಂಟಿಮೀಟರ್. ನಮ್ಮ ಮೊಳವೂ ಮೊಣಕೈಯಿಂದಲೇ ಶುರುವಾಗುವುದರಿಂದ ಇದನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ. ಮೈಲಿಯದ್ದೇ ತೊಡಕು. ಚೆಕ್ ಮೈಲಿ ಏಳು ಕಿಲೋಮೀಟರಿಗೂ ಹೆಚ್ಚು. ಇಟಲಿಯ ಮೈಲಿ ತೀರಾ ಚಿಕ್ಕದು. ಕಡಲ ದೂರವೆಲ್ಲ ಇಟಲಿಯ ಮೈಲಿಯಲ್ಲಿ, ನೆಲದ ದೂರ ತಮ್ಮ ಮೈಲಿಯಲ್ಲಿ. ಐದು ಇಟಲಿ ಮೈಲಿ ಸೇರಿದರೆ ಒಂದು ಚೆಕ್ ಮೈಲಿ ಎಂಬುದು ಆ ಕಾಲದ ವಾಡಿಕೆಯ ಲೆಕ್ಕ. ಇವತ್ತು ಆ ಪುಸ್ತಕಗಳನ್ನು ಓದುವವರು 'ವ್ಲಾಸ್ಕಾ' ಎಂಬ ವಿಶೇಷಣ ಮೈಲಿಯ ಮುಂದೆ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳದಿದ್ದರೆ ದೂರ ಐದು ಪಟ್ಟು ಏರುಪೇರಾಗುತ್ತದೆ.

ವ್ಲಾಸ್ಕಾ ಎಂದರೆ ಇಟಲಿಯದು. ಇಟಲಿಯವರನ್ನು ಚೆಕ್ಕರು ಆಗ ಇಟಾಲಿಯನ್ ಎನ್ನುತ್ತಿರಲಿಲ್ಲ, 'ವ್ಲಾಖ್' ಎನ್ನುತ್ತಿದ್ದರು; ಲ್ಯಾಟಿನ್ ಮೂಲದ ನುಡಿಯಾಡುವ ಪರಕೀಯ ಎಂದು ಜರ್ಮನಿಕ್ ಭಾಷೆಗಳಿಂದ ಬಂದ ಪದ. ಜರ್ಮನರು 'ನ್ಯೆಮ್ತ್ಸಿ', ಮೂಲದಲ್ಲಿ ಮೂಗರು, ಅಂದರೆ ನಮ್ಮ ಮಾತು ಬಾರದವರು. ವೆನಿಸ್ 'ಬೆನಾತ್ಕಿ'. ರೆಗೆನ್ಸ್‌ಬರ್ಗ್ 'ರ್ಜೆಜ್ನೊ'. ಕಾನ್‌ಸ್ಟಾಂಟಿನೋಪಲ್ 'ತ್ಸರ್ಜಿಹ್ರದ್', ಸಾಮ್ರಾಟನ ಕೋಟೆ. ಸಾಮ್ರಾಟ ಹೋಗಿ ಸುಲ್ತಾನ ಬಂದು ನೂರೈವತ್ತು ವರ್ಷ ಕಳೆದರೂ ಹೆಸರು ಬದಲಾಗಲಿಲ್ಲ. ಇಂಥ ಹೆಸರುಗಳಿಂದ ಪ್ರವಾಸದ ಭೂಪಟ ಓದುಗನಿಗೆ ಮನೆಯ ಪಡಸಾಲೆಯಷ್ಟು ಪರಿಚಿತವಾಗಿ ಕಾಣುತ್ತಿತ್ತು. ಆದರೆ ಇದೇ ಪರಿಚಿತ ಪದಗಳಲ್ಲಿ ಆ ಕಾಲದ ಪೂರ್ವಗ್ರಹಗಳೂ ಕೂತಿವೆ. ಮುಸ್ಲಿಮರಿಗೆ 'ಪೊಹಾನ್' ಎನ್ನುವುದುಂಟು, ವಿಗ್ರಹ ಪೂಜಿಸುವ ಅನ್ಯಧರ್ಮೀಯನಿಗೆ ಇದ್ದ ಪದ ಅದು. 'ತುರೆಕ್' ಎಂಬ ಏಕವಚನ ಒಮ್ಮೆ ಒಬ್ಬ ತುರ್ಕ, ಒಮ್ಮೆ ಸುಲ್ತಾನ, ಒಮ್ಮೆ ಇಡೀ ಸಾಮ್ರಾಜ್ಯ. ಯಾವ ಅರ್ಥ ಎಂದು ಸಂದರ್ಭದಿಂದ ತಿಳಿಯಬೇಕು. ಹೆದರಿಕೆಯನ್ನು ಒಂದೇ ಪದಕ್ಕೆ ತುಂಬಿದಾಗ ಭಾಷೆಯಲ್ಲಿ ಹೀಗೇ ಆಗುತ್ತದೆ.

ಆ ಹೆದರಿಕೆಯ ಒಳಗೇ ಬದುಕಿ ಬಂದವನು ಮಿತ್ರೊವಿತ್ಸೆಯ ವಾತ್ಸ್ಲಾವ್ ವ್ರಾತಿಸ್ಲಾವ್. 1576ರಲ್ಲಿ ಹುಟ್ಟಿದವನು. 1591ರಲ್ಲಿ, ಹದಿಹರೆಯದಲ್ಲೇ, ಎರಡನೇ ರುಡಾಲ್ಫ್ ಚಕ್ರವರ್ತಿಯ ರಾಯಭಾರಿ ಕ್ರೆಕ್ವಿಟ್ಸ್‌ನ ಪರಿವಾರದಲ್ಲಿ ಇಸ್ತಾನ್‌ಬುಲ್‌ಗೆ ಹೋದ. ಯುದ್ಧ ಹತ್ತಿಕೊಂಡಾಗ, 1593ರಲ್ಲಿ, ರಾಯಭಾರಿಯ ಜನರೆಲ್ಲ ಸೆರೆಯಾದರು. ಸರಪಳಿ ಹಾಕಿಸಿಕೊಂಡು ಗಲೆಯಲ್ಲಿ ಹುಟ್ಟು ಹಾಕಿದ. ಆಮೇಲೆ ಬಾಸ್ಫರಸ್ ದಂಡೆಯ ಕೋಟೆಯಲ್ಲಿ, ಅವರು ಕಪ್ಪುಗೋಪುರ ಎಂದು ಕರೆದ ಜಾಗದಲ್ಲಿ, ಕೊಳೆತ. ಬಿಡುಗಡೆಯಾಗಿ ಊರಿಗೆ ಬಂದು 1599ರಲ್ಲಿ ಎಲ್ಲವನ್ನೂ ಬರೆದ.

ಯಾತ್ರಿಕ ಒಂದು ಊರಿನಲ್ಲಿ ಕೆಲವು ದಿನ ಇದ್ದು ಹೋಗುವವನು. ಸೆರೆಯಾಳು ವರ್ಷಗಟ್ಟಲೆ ಆ ಭಾಷೆಯನ್ನು ಕೇಳುತ್ತ ಬದುಕುವವನು. ಅದಕ್ಕೇ ಮಿತ್ರೊವಿತ್ಸೆಯವನ ಬರಹದಲ್ಲಿ ತುರ್ಕಿ ಪದಗಳು ತೋರಿಕೆಗೆ ಬಂದವಲ್ಲ. ಅಧಿಕಾರಿ ಪಾಷಾ, ಸೈನಿಕ ಜಾನಿಸಾರಿ, ಸುಲ್ತಾನನ ದೂತ 'ಚಾವುಶ್' ಇವರೆಲ್ಲ ದಿನನಿತ್ಯದ ಜನ. ಬಯ್ಯುವವರು, ಹೊಡೆಯುವವರು, ಕೆಲವೊಮ್ಮೆ ಕರುಣೆ ತೋರಿಸುವವರು. ಚೆಕ್ ವಾಕ್ಯದೊಳಗೆ ಅವರ ಬಿರುದುಗಳು ನೆಂಟರ ಹೆಸರಿನಷ್ಟು ಸಲೀಸಾಗಿ ಓಡಾಡುತ್ತವೆ. ಈ ಲೋಕದಲ್ಲಿ ದುಭಾಷಿ ಇಲ್ಲದೆ ಒಂದು ಹೆಜ್ಜೆ ಇಡುವಂತಿರಲಿಲ್ಲ. ದುಭಾಷಿಗೆ ಚೆಕ್‌ನಲ್ಲಿ 'ತ್ಲುಮಾಚ್', ಬಹಳ ಹಿಂದೆಯೇ ತುರ್ಕಿ ಭಾಷೆಗಳ ಕಡೆಯಿಂದ ಸ್ಲಾವ್ ಭಾಷೆಗಳಿಗೆ ಬಂದ ಪದ. ಯುರೋಪಿನ ರಾಯಭಾರಿಗಳು ಬಳಸುತ್ತಿದ್ದ 'ಡ್ರಾಗೊಮನ್' ಅರಬ್ಬಿಯ 'ತರ್ಜುಮಾನ್'ನಿಂದ. ಕನ್ನಡದ 'ತರ್ಜುಮೆ' ಅದೇ ಬೇರಿನ ಇನ್ನೊಂದು ಟಿಸಿಲು. ಪಾರಸಿ ದಾರಿಯಲ್ಲಿ ನಮ್ಮ ಕಚೇರಿಗಳಿಗೆ ಬಂದು ಉಳಿಯಿತು.

ಇಷ್ಟಾದ ಮೇಲೆ ಮತ್ತೆ ಹರಂತ್. ಅವನು ಅಂಗಡಿಬೀದಿಯ ಓದುಗನಿಗಿಂತ ಹೆಚ್ಚಾಗಿ ಗ್ರಂಥಾಲಯವಿದ್ದ ಓದುಗನಿಗೆ ಬರೆದ. ಕಣ್ಣಿಗೆ ಬಿದ್ದದ್ದನ್ನೆಲ್ಲ ಹಳೆಯ ಗ್ರೀಕ್, ರೋಮನ್ ಲೇಖಕರು ಏನು ಹೇಳಿದ್ದಾರೆ ಎಂದು ತಾಳೆ ನೋಡುತ್ತಾನೆ. ತನ್ನ ಚಿತ್ರಗಳನ್ನು ಆಧರಿಸಿದ ಮರದಚ್ಚಿನ ಚಿತ್ರಗಳನ್ನು ಸೇರಿಸುತ್ತಾನೆ. ಜೆರುಸಲೇಮಿನಲ್ಲಿ ತಾನು ರಚಿಸಿದ ಆರು ಧ್ವನಿಗಳ ಗೀತೆಯನ್ನೂ ಸ್ವರಲಿಪಿಯೊಂದಿಗೆ ಅಚ್ಚು ಹಾಕಿಸುತ್ತಾನೆ. ವಾಕ್ಯಗಳು ಉದ್ದ. ಉಪವಾಕ್ಯದ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಜಾಗವೇ ಅದು; ಚೆಕ್‌ನಲ್ಲಿ ಹಾಗೆ ಕೂರಿಸುವುದು ಲ್ಯಾಟಿನ್ ಓದಿದವರ ಗತ್ತು. ಇನ್ನೊಂದು ಗತ್ತು ಜೋಡಿ ಪದ. ಪುಸ್ತಕದ ಹೆಸರಿನಲ್ಲೇ ಇದೆಯಲ್ಲ, 'ಯಾತ್ರೆ ಅಥವಾ ಪ್ರಯಾಣ'. 'ಪುತೊವಾನ್ಯಿ' ಎಂದರೆ ಪುಣ್ಯಕ್ಷೇತ್ರಕ್ಕೆ ಹೋಗುವುದು, ಅಲೆಯುವುದು. 'ತ್ಸೆಸ್ತ' ಎಂದರೆ ದಾರಿಯೂ ಹೌದು, ಪಯಣವೂ ಹೌದು. ಎರಡನ್ನೂ ಇಟ್ಟದ್ದು ಹರಂತ್‌ನ ಮನಸ್ಸನ್ನೂ ತೋರಿಸುತ್ತದೆ: ಭಕ್ತನಾಗಿಯೂ ಹೋದ, ಕುತೂಹಲಿಯಾಗಿಯೂ ಹೋದ.

ಹರಂತ್‌ನ ಪುಸ್ತಕ ಅಚ್ಚಾದದ್ದು ದಾನಿಯೆಲ್ ಆದಮ್ ವೆಲೆಸ್ಲಾವೀನ್‌ನ ವಾರಸುದಾರರ ಮುದ್ರಣಾಲಯದಲ್ಲಿ. ಇದು ಆಕಸ್ಮಿಕವಲ್ಲ. ವೆಲೆಸ್ಲಾವೀನ್ ಆ ಕಾಲದ ಚೆಕ್ ಗದ್ಯಕ್ಕೆ ಅಳತೆಗೋಲು. 1598ರಲ್ಲಿ ಚೆಕ್, ಲ್ಯಾಟಿನ್, ಗ್ರೀಕ್, ಜರ್ಮನ್ ನಾಲ್ಕೂ ಇರುವ ನಿಘಂಟನ್ನು ಹೊರತಂದವನು. ಇಂಥ ನಿಘಂಟುಗಳಲ್ಲೇ ಪರದೇಶದ ಪ್ರಾಣಿ, ಗಿಡ, ವಸ್ತುಗಳಿಗೆ ಚೆಕ್ ಹೆಸರು ಗೊತ್ತುಮಾಡುವ ಕೆಲಸ ನಡೆಯಿತು. ಅದರ ಬೇರು ಹದಿನಾಲ್ಕನೇ ಶತಮಾನದ ಕ್ಲಾರೆತ್ ಎಂಬ ಪಂಡಿತನ ಪದ್ಯರೂಪದ ಪದಕೋಶಗಳವರೆಗೆ ಹೋಗುತ್ತದೆ. ಕಾಣದ ಪ್ರಾಣಿಗೆ ಹೆಸರಿಡುವುದು ಎಷ್ಟು ಕಷ್ಟ ಎಂಬುದಕ್ಕೆ ಒಂಟೆಯೇ ಸಾಕ್ಷಿ. ಚೆಕ್‌ನಲ್ಲಿ ಒಂಟೆ 'ವೆಲ್‌ಬ್ಲೊಉದ್'. ಇದು ಸ್ಲಾವ್ ಭಾಷೆಗೆ ಗಾಥಿಕ್ ಎಂಬ ಹಳೆಯ ಜರ್ಮನಿಕ್ ಭಾಷೆಯಿಂದ ಬಂದದ್ದು. ಗಾಥಿಕ್ ಪದದ ಮೂಲವೋ ಆನೆ ಎಂಬರ್ಥದ ಗ್ರೀಕ್–ಲ್ಯಾಟಿನ್ ಪದ. ಆನೆಯನ್ನೂ ಒಂಟೆಯನ್ನೂ ಕಾಣದ ಜನ ಒಂದರ ಹೆಸರನ್ನು ಇನ್ನೊಂದಕ್ಕೆ ಕೊಟ್ಟರು. ಕೊನೆಗೆ ಪ್ರವಾಸಿಗರು ಒಂಟೆಯ ಬೆನ್ನೇರಿ ಕೂತಾಗಲೂ ಅದೇ ಹೆಸರು ಮುಂದುವರಿಯಿತು. ಬ್ರೆಜಿಲ್‌ನಂಥ ನಾಡಿನ ವಿಷಯದಲ್ಲಿ ಪೇಚು ಇನ್ನೂ ಹೆಚ್ಚು. ಫ್ರೆಂಚ್ ಪ್ರವಾಸಿ ಜಾಂ ದ ಲೆರಿಯ ಬ್ರೆಜಿಲ್ ಕಥನವನ್ನು ಸೋದರಕೂಟದ ಇಬ್ಬರು 1590ರ ಸುಮಾರಿಗೆ ಚೆಕ್ ಮಾಡಿದರು, ಆದರೆ ಅದು ಹಸ್ತಪ್ರತಿಯಲ್ಲೇ ಉಳಿದು 1957ರವರೆಗೆ ಅಚ್ಚು ಕಾಣಲಿಲ್ಲ.

ಈ ಬರಹಗಳಲ್ಲಿ ಕನ್ನಡಿಗನಿಗೆ ತಟ್ಟನೆ ಆಪ್ತವಾಗುವ ಒಂದು ವ್ಯಾಕರಣ ರೂಪವಿದೆ. 'ಪ್ರಾಗ್‌ನಿಂದ ಹೊರಟು, ಬೆಟ್ಟ ದಾಟಿ, ಸಂಜೆಗೆ ಊರು ಸೇರಿದೆವು' ಎಂದು ನಾವು ಹೇಳುತ್ತೇವೆ. 'ಹೊರಟು', 'ದಾಟಿ' ಇವು ನಮ್ಮ ಅವ್ಯಯ ಕೃದಂತಗಳು. ಇವಿಲ್ಲದೆ ಕನ್ನಡದಲ್ಲಿ ದಾರಿ ಸಾಗುವುದೇ ಇಲ್ಲ. ಚೆಕ್‌ನಲ್ಲೂ ಇದಕ್ಕೊಂದು ರೂಪವಿದೆ, ಹೆಸರು 'ಪ್ರೆಖೊದ್ನೀಕ್'. ಕೆಲಸ ಒಂದೇ: ಒಬ್ಬನೇ ಕರ್ತೃ ಮಾಡಿದ ಕೆಲಸಗಳನ್ನು ಒಂದಕ್ಕೊಂದು ಪೋಣಿಸುವುದು. ಆದರೆ ಚೆಕ್ ರೂಪ ಲಿಂಗ ವಚನಗಳಿಗೆ ತಕ್ಕಂತೆ ಬದಲಾಗುತ್ತದೆ. ಅವನು 'ಬಂದು' ಎನ್ನಲು 'ಪ್ರಿಶೆದ್', ಅವಳು ಬಂದು ಎನ್ನಲು 'ಪ್ರಿಶೆಡ್ಶಿ', ನಾವು ಬಂದು ಎನ್ನಲು 'ಪ್ರಿಶೆಡ್ಶೆ'. ಕನ್ನಡದ 'ಬಂದು' ಎಲ್ಲರಿಗೂ ಒಂದೇ. ಪ್ರವಾಸ ಬರಹಕ್ಕೆ ಈ ರೂಪ ಹೇಳಿ ಮಾಡಿಸಿದಂತಿತ್ತು. ಹದಿನಾರನೇ ಶತಮಾನದ ಪುಟಗಳಲ್ಲಿ ಅದು ಯಥೇಚ್ಛವಾಗಿದೆ. ಕರ್ತೃವನ್ನು ಬಿಡುವುದರಲ್ಲೂ ಎರಡು ಭಾಷೆಗಳ ಸ್ವಭಾವ ಒಂದೇ. 'ಬಂದೆವು' ಎಂದರೆ ಸಾಕು, 'ನಾವು' ಬೇಕಿಲ್ಲ, ಚೆಕ್‌ನಲ್ಲೂ ಹಾಗೇ. ಹಾಗಾಗಿ ಪುಟಗಟ್ಟಲೆ 'ನಾವು' ಇಲ್ಲದೆ ತಂಡವೊಂದು ನಡೆಯುತ್ತಲೇ ಇರುತ್ತದೆ, ನೋಡುವ ಕಣ್ಣು ಯಾರೊಬ್ಬನದೂ ಆಗದೆ ಎಲ್ಲರದೂ ಆಗುತ್ತದೆ.

ಮೂಲ ಪ್ರತಿಯ ಚಿತ್ರ ನೋಡುವವರನ್ನು ಕಾಡುವುದು ಕಾಗುಣಿತ. ಅಚ್ಚುಮೊಳೆಗಳು ಜರ್ಮನ್ ಶೈಲಿಯ ಮುರುಕು ಅಕ್ಷರಗಳು. ಅಕ್ಷರದ ಮೇಲೆ ಗುರುತು ಹಾಕಿ ಧ್ವನಿ ತೋರಿಸುವ ಪದ್ಧತಿ ಯಾನ್ ಹುಸ್‌ನ ಹೆಸರಿನ ಜೊತೆ ಕೂಡಿಕೊಂಡಿದೆ. ಸೋದರಕೂಟದ ಮುದ್ರಕರು ಅದನ್ನು ತಮ್ಮದೇ ರೀತಿಯಲ್ಲಿ ನೆಲೆಗೊಳಿಸಿದರು. ಅವರ ಪದ್ಧತಿಯಲ್ಲಿ 'ಯ' ಧ್ವನಿಗೆ ರೋಮನ್‌ನ ಜಿ ಅಕ್ಷರ, ದೀರ್ಘ 'ಈ'ಗೆ ಜೆ ಅಕ್ಷರ, 'ವ'ಗೆ ಡಬ್ಲ್ಯು. 'ಒಉ' ಎಂದು ಉಚ್ಚರಿಸುವುದನ್ನು ಎ ಮತ್ತು ಯು ಸೇರಿಸಿ ಬರೆಯುತ್ತಿದ್ದರು. ಈ ನಾಲ್ಕು ಗೊತ್ತಿದ್ದರೆ ಹರಂತ್‌ನ ಮುಖಪುಟ ಇವತ್ತಿನ ಚೆಕ್ ಬಲ್ಲವರಿಗೆ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. 1840ರ ದಶಕದಲ್ಲಿ ಈ ಕಾಗುಣಿತವನ್ನು ಬದಲಿಸಿದರು.

ಹರಂತ್ ತನ್ನ ಪುಸ್ತಕದ ಎರಡನೇ ಚೆಕ್ ಮುದ್ರಣ ನೋಡಲಿಲ್ಲ. ಹಾಬ್ಸ್‌ಬರ್ಗ್ ಚಕ್ರವರ್ತಿಯ ವಿರುದ್ಧ ಎದ್ದಿದ್ದ ಚೆಕ್ ಬಂಡಾಯಗಾರರು ಬಿಳಿಬೆಟ್ಟದ ಯುದ್ಧದಲ್ಲಿ ಸೋತ ಮೇಲೆ, 1621ರ ಜೂನ್ 21ರಂದು ಪ್ರಾಗ್‌ನ ಹಳೇಪೇಟೆ ಚೌಕದಲ್ಲಿ 27 ಮಂದಿ ಮುಖಂಡರನ್ನು ಕೊಂದರು. ಅವರಲ್ಲಿ ಹರಂತ್ ಮೂರನೆಯವನು. ಚೆಕ್‌ನಲ್ಲಿ ಓದುವ, ಬರೆಯುವ ಸಿರಿವಂತ ವರ್ಗ ದೇಶ ಬಿಟ್ಟಿತು ಇಲ್ಲವೇ ಜರ್ಮನ್ ಆಯಿತು. ಹರಂತ್‌ನ ಯಾತ್ರೆ 1678ರಲ್ಲಿ ಮತ್ತೆ ಹೊರಬಂದದ್ದು ನ್ಯೂರೆಂಬರ್ಗ್‌ನಲ್ಲಿ, ಜರ್ಮನ್ ಅನುವಾದವಾಗಿ. ಮಿತ್ರೊವಿತ್ಸೆಯವನ ಕಥೆ ಅಚ್ಚೇ ಆಗದೆ ಸುಮಾರು 180 ವರ್ಷ ಬಿದ್ದಿತ್ತು.

1777ರಲ್ಲಿ ಇತಿಹಾಸಕಾರ ಪೆಲ್ತ್ಸ್ಲ್ ಅದನ್ನು ಪ್ರಕಟಿಸಿದ. ಚೆಕ್ ಭಾಷೆ ಹಳ್ಳಿಗರ ಮಾತು ಎಂದು ಮೂಲೆಗೆ ಸರಿದಿದ್ದ ಹೊತ್ತಿನಲ್ಲಿ, ಈ ಭಾಷೆಯಲ್ಲಿ ಇಸ್ತಾನ್‌ಬುಲ್‌ನ ಸೆರೆಮನೆಯನ್ನು ಇಷ್ಟು ಸೊಗಸಾಗಿ ಹೇಳಿದವರಿದ್ದರು ಎಂದು ತೋರಿಸಿದ್ದು ಆ ಪುಸ್ತಕ. 1809ರಲ್ಲಿ ಯೊಸೆಫ್ ದೊಬ್ರೊವ್ಸ್ಕಿ ಚೆಕ್ ವ್ಯಾಕರಣ ಬರೆದಾಗ ಮಾದರಿಗೆ ತೆಗೆದುಕೊಂಡದ್ದು ತನ್ನ ಕಾಲದ ಬೀದಿಮಾತನ್ನಲ್ಲ, ವೆಲೆಸ್ಲಾವೀನ್ ಕಾಲದ ಗದ್ಯವನ್ನು. 1830ರ ದಶಕದ ಕೊನೆಯ ಹೊತ್ತಿಗೆ ಮುಗಿದ ಯುಂಗ್‌ಮಾನ್‌ನ ದೊಡ್ಡ ನಿಘಂಟು ಹಳೆಯ ಪುಸ್ತಕಗಳಿಂದ ಪದಗಳನ್ನು ಹೆಕ್ಕಿ ತುಂಬಿಕೊಂಡಿತು. 1854–55ರಲ್ಲಿ ಕಾರೆಲ್ ಯರೊಮೀರ್ ಎರ್ಬೆನ್ ಹರಂತ್‌ನನ್ನು ಮತ್ತೆ ಚೆಕ್‌ನಲ್ಲಿ ಅಚ್ಚು ಹಾಕಿಸಿದ. ಪ್ರವಾಸ ಬರಹಕ್ಕೆ ಚೆಕ್ಕರು ಇವತ್ತು ಬಳಸುವ 'ತ್ಸೆಸ್ತೊಪಿಸ್' ಎಂಬ ಪದವೂ ಆ ಹಳಬರದ್ದಲ್ಲ, ನಂತರದ ಕಾಲದ್ದು.

ಹಳೆಯ ಗದ್ಯವನ್ನೇ ಮಾದರಿ ಮಾಡಿಕೊಂಡ ದೊಬ್ರೊವ್ಸ್ಕಿಯ ತೀರ್ಮಾನದ ಫಲ ಇವತ್ತಿನ ಪ್ರಾಗ್‌ನಲ್ಲಿ ಕಿವಿಗೆ ಬೀಳುತ್ತದೆ. ಗಿರಣಿಗೆ ಪುಸ್ತಕದಲ್ಲಿ 'ಮ್ಲೀನ್' ಎಂದು ಬರೆಯುವವರು ಮನೆಯಲ್ಲಿ 'ಮ್ಲೆಯ್ನ್' ಎನ್ನುತ್ತಾರೆ. ಈ ಸ್ವರ ಬದಲಾದದ್ದು ನಮ್ಮ ಪ್ರವಾಸಿಗರು ತಿರುಗುತ್ತಿದ್ದ ಕಾಲದಲ್ಲೇ, ಆದರೆ ಶಿಷ್ಟ ಬರಹ ಹಳೆಯದನ್ನೇ ಹಿಡಿದುಕೊಂಡಿತು. ಪ್ರೆಖೊದ್ನೀಕ್ ಮಾತಿನಿಂದ ಪೂರಾ ಮರೆಯಾಗಿದೆ. ಶಾಲೆಯಲ್ಲಿ ಮಕ್ಕಳು ಅದರ ಮೂರು ರೂಪಗಳನ್ನು ಬಾಯಿಪಾಠ ಮಾಡುತ್ತಾರೆ, ಬಳಸುವವರು ಕಡಿಮೆ. ತ್ಸರ್ಜಿಹ್ರದ್ ಇತಿಹಾಸದ ಪುಸ್ತಕ ಸೇರಿದೆ, ಟಿಕೆಟ್ ಕೊಳ್ಳುವಾಗ ಎಲ್ಲರೂ ಇಸ್ತಾನ್‌ಬುಲ್ ಎನ್ನುತ್ತಾರೆ. ಬೆನಾತ್ಕಿ ಮತ್ತು ರ್ಜೆಜ್ನೊ ಮಾತ್ರ ಇವತ್ತಿಗೂ ಬಳಕೆಯಲ್ಲಿರುವ ಹೆಸರುಗಳು.